ಮನೆಯ ಸಾಮಾನು: ದೊಡ್ಡ ಮಳಿಗೆಯೋ, ಓಣಿಯ ಅಂಗಡಿಯೋ?

‘ಅಂಗಡಿ’ ಎಂಬುದು ನಮ್ಮ ನಾಡಿನ ಹಳೆಯ ಮಾತು. ಕನ್ನಡ ತೆಲುಗುಗಳಲ್ಲಿ ಅಂಗಡಿ, ತಮಿಳಿನಲ್ಲಿ ಅಂಗಾಡಿ, ಮಲೆಯಾಳದಲ್ಲಿ ಅಙ್ಙಾಡಿ. ಇದು ದ್ರಾವಿಡ ಭಾಷೆಗಳ ಒಟ್ಟು ಆಸ್ತಿ. ‘ಬಜಾರು’ ಪಾರಸಿಯಿಂದ ಬಂದಿತು, ‘ದುಕಾನು’ ಅರಬ್ಬಿಯಿಂದ ಬಂದಿತು. ಈಚೆಗೆ ನಗರಗಳಲ್ಲಿ ಕೇಳಿಬರುತ್ತಿರುವ ‘ಮಾಲ್’ ಇಂಗ್ಲಿಷಿನದು. ಸರಕು ಎಂಬ ಅರ್ಥದ ನಮ್ಮ ಹಳೆಯ ‘ಮಾಲಿ’ಗೂ ಅದಕ್ಕೂ ನಂಟಿಲ್ಲ. ಹೆಸರು ಯಾವ ಭಾಷೆಯದಾದರೂ ಆಗಲಿ, ಕೊಳ್ಳುವವರ ಪ್ರಶ್ನೆ ಮಾತ್ರ ಒಂದೇ: ಎಲ್ಲಿ ಕೊಂಡರೆ ನಮಗೆ ಲಾಭ?

ಕಳೆದ ಇಪ್ಪತ್ತು ವರ್ಷಗಳಲ್ಲಿ ಬಳ್ಳಾರಿಯಂಥ ಜಿಲ್ಲಾ ಕೇಂದ್ರಗಳಿಗೂ ದೊಡ್ಡ ಮಳಿಗೆಗಳು ಬಂದಿವೆ. ಅಕ್ಕಿ, ಬೇಳೆ, ಎಣ್ಣೆ, ಸಾಬೂನು, ಬಟ್ಟೆ, ಪಾತ್ರೆ ಎಲ್ಲವೂ ಒಂದೇ ಸೂರಿನ ಕೆಳಗೆ. ಬೆಲೆಯೂ ಮುದ್ರಿಸಿದುದಕ್ಕಿಂತ ನಾಲ್ಕು ರೂಪಾಯಿ ಕಡಿಮೆ. ಸಿರುಗುಪ್ಪ, ಕುರುಗೋಡಿನ ಮನೆಗಳವರು ಕೂಡ ತಿಂಗಳಿಗೊಮ್ಮೆ ಚೀಟಿ ಬರೆದುಕೊಂಡು ಬಳ್ಳಾರಿಗೆ ಹೋಗಿ ಚೀಲ ತುಂಬಿಕೊಂಡು ಬರುವುದು ಈಗ ಹೊಸತಲ್ಲ. ಇದು ಸರಿಯೆ, ತಪ್ಪೆ ಎಂದು ತೀರ್ಪು ಹೇಳುವುದಕ್ಕೆ ಈ ಲೇಖನ ಹೊರಟಿಲ್ಲ. ನಾಲ್ಕು ರೂಪಾಯಿ ಉಳಿಸುವುದು ಸಂಸಾರವಂದಿಗರ ಧರ್ಮವೇ. ಆದರೆ ಆ ನಾಲ್ಕು ರೂಪಾಯಿ ಎಲ್ಲಿಂದ ಉಳಿಯುತ್ತದೆ, ಅದರ ಭಾರ ಕೊನೆಗೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ತಿಳಿದು ಕೊಳ್ಳುವುದು ಒಳ್ಳೆಯದಲ್ಲವೆ?

ಮೊದಲು ಸ್ವಲ್ಪ ಹಿಂದಿನ ಕಥೆ. ಪೇಟೆ ಎಂಬುದು ನಮ್ಮ ಈ ಸೀಮೆಗೆ ಹೊಸದೇನೂ ಅಲ್ಲ. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಬೀದಿಗಳಲ್ಲಿ ಅಕ್ಕಿ, ಗೋದಿ, ಜೋಳ, ಹೆಸರು, ಹುರುಳಿ ಮೊದಲಾದ ಧಾನ್ಯಗಳು ಹೇರಳವಾಗಿಯೂ ಅಗ್ಗವಾಗಿಯೂ ಸಿಕ್ಕುತ್ತಿದ್ದುದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಆ ಕಾಲದಿಂದ ಮೊನ್ನೆ ಮೊನ್ನೆಯವರೆಗೂ ವ್ಯಾಪಾರದ ಪದ್ಧತಿ ಒಂದೇ ಆಗಿತ್ತು. ಅಂಗಡಿಯವನು ಒಳಗೆ ಕುಳಿತಿರುವನು, ಗಿರಾಕಿ ಹೊರಗೆ ನಿಂತಿರುವನು, ನಡುವೆ ತಕ್ಕಡಿ. ಗಿರಾಕಿ ಬಾಯಿಬಿಟ್ಟು ಕೇಳಬೇಕು, ಅಂಗಡಿಯವನು ಎದ್ದು ತೂಗಿ ಕೊಡಬೇಕು.

ಈ ಪದ್ಧತಿಯನ್ನು ಮುರಿದದ್ದು ಅಮೆರಿಕ. 1916ರಲ್ಲಿ ಮೆಂಫಿಸ್ ಎಂಬ ಊರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಗಿರಾಕಿಗಳನ್ನೇ ಅಂಗಡಿಯ ಒಳಕ್ಕೆ ಬಿಟ್ಟು, ‘ಬೇಕಾದುದನ್ನು ನೀವೇ ಆರಿಸಿ ತನ್ನಿ, ಬಾಗಿಲ ಬಳಿ ಹಣ ಕೊಡಿ’ ಎಂಬ ಏರ್ಪಾಡು ಮಾಡಿದನು. ಕೆಲಸದ ಆಳುಗಳು ಕಡಿಮೆಯಾದರು, ಖರ್ಚು ಇಳಿಯಿತು, ಬೆಲೆಯೂ ಇಳಿಯಿತು. ಕೈಬುಟ್ಟಿ ತುಂಬಿದ ಮೇಲೆ ಜನ ಕೊಳ್ಳುವುದನ್ನು ನಿಲ್ಲಿಸುತ್ತಾರೆಂಬುದನ್ನು ಕಂಡ ಇನ್ನೊಬ್ಬ ವರ್ತಕನು 1937ರಲ್ಲಿ ಗಾಲಿಯ ಬುಟ್ಟಿಯನ್ನು ಬಳಕೆಗೆ ತಂದನು. 1962ರಲ್ಲಿ ಸ್ಯಾಮ್ ವಾಲ್ಟನ್ ಎಂಬವನು ಅರ್ಕನ್ಸಾ ಸಂಸ್ಥಾನದ ರಾಜರ್ಸ್ ಎಂಬ ಚಿಕ್ಕ ಊರಿನಲ್ಲಿ ತನ್ನ ಮೊದಲನೆಯ ವಾಲ್‌ಮಾರ್ಟ್ ಮಳಿಗೆಯನ್ನು ತೆರೆದನು. 1974ರಲ್ಲಿ ಪೊಟ್ಟಣದ ಮೇಲಿನ ಕಪ್ಪುಗೆರೆಗಳನ್ನು ಯಂತ್ರವೇ ಓದಿ ಬೆಲೆ ಹೇಳುವ ಕಾಲವೂ ಬಂದಿತು.

ನಮ್ಮ ದೇಶದಲ್ಲಿ ದೊಡ್ಡ ಮಳಿಗೆ ಮೊದಮೊದಲು ಸಹಕಾರದ ವೇಷದಲ್ಲಿ ಬಂದಿತೆಂಬುದು ನೆನಪಿಡತಕ್ಕ ಸಂಗತಿ. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಸಾಮಾನಿನ ಬೆಲೆ ಏರಬಾರದೆಂದು ದೆಹಲಿಯಲ್ಲಿ ಸೂಪರ್ ಬಜಾರ್ ತೆರೆದರು. ನಮ್ಮ ರಾಜ್ಯದಲ್ಲಿ ಜನತಾ ಬಜಾರುಗಳು ಇದೇ ಮಾದರಿಯವು. ಖಾಸಗಿ ದೊಡ್ಡ ಮಳಿಗೆಗಳ ಸರದಿ ಆಮೇಲಿನದು: 2001ರಲ್ಲಿ ಬಿಗ್ ಬಜಾರ್, 2002ರಲ್ಲಿ ಮುಂಬಯಿಯ ಡಿಮಾರ್ಟ್, 2003ರಲ್ಲಿ ಬೆಂಗಳೂರಿನಲ್ಲಿ ಜರ್ಮನಿಯ ಮೆಟ್ರೊ ಕಂಪನಿಯ ಸಗಟು ಮಳಿಗೆ, 2006ರಲ್ಲಿ ರಿಲಯನ್ಸ್ ಫ್ರೆಶ್. 2012ರಲ್ಲಿ ಭಾರತ ಸರ್ಕಾರವು ಇಂಥ ಚಿಲ್ಲರೆ ವ್ಯಾಪಾರದಲ್ಲಿ ನೂರಕ್ಕೆ 51ರಷ್ಟು ವಿದೇಶಿ ಬಂಡವಾಳಕ್ಕೆ ಒಪ್ಪಿಗೆ ಕೊಟ್ಟಾಗ ಊರೂರುಗಳಲ್ಲಿ ಅಂಗಡಿಕಾರರು ಪ್ರತಿಭಟಿಸಿದರು. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಅಂಗಡಿಯೇ ಇಲ್ಲದ ಅಂಗಡಿಯನ್ನು ತೋರಿಸಿತು. 2018ರಲ್ಲಿ ಅದರ ಬಹುಪಾಲನ್ನು ವಾಲ್‌ಮಾರ್ಟ್ ಕೊಂಡುಕೊಂಡಿತು. ದೊಡ್ಡದೆಲ್ಲ ಚಿರಂಜೀವಿ ಎಂದು ತಿಳಿಯಬೇಕಾಗಿಲ್ಲ. ದೆಹಲಿಯ ಸೂಪರ್ ಬಜಾರ್ 2002ರಲ್ಲಿ ಬಾಗಿಲು ಹಾಕಿತು. ಮನೆಮಾತಾಗಿದ್ದ ಬಿಗ್ ಬಜಾರ್ ಸಾಲದ ಭಾರಕ್ಕೆ ಕುಸಿದು, 2022ರಲ್ಲಿ ಅದರ ಎಷ್ಟೋ ಮಳಿಗೆಗಳು ರಿಲಯನ್ಸಿನ ಕೈಸೇರಿದುವು.

ಇನ್ನು ಅಗ್ಗದ ಗುಟ್ಟೇನು ಎಂಬುದನ್ನು ನೋಡೋಣ. ಒಂದು ಸಾಬೂನು ಕಾರ್ಖಾನೆಯಿಂದ ಹೊರಟು ನಿಮ್ಮ ಬಚ್ಚಲಿಗೆ ಬರುವ ದಾರಿ ಉದ್ದವಾದುದು. ಕಂಪನಿಯಿಂದ ಅದರ ಏಜೆಂಟನಿಗೆ, ಅಲ್ಲಿಂದ ವಿತರಕನಿಗೆ, ಒಮ್ಮೊಮ್ಮೆ ಅವನಿಂದ ಸಗಟು ವ್ಯಾಪಾರಿಗೆ, ಕೊನೆಗೆ ಓಣಿಯ ಅಂಗಡಿಗೆ. ಒಂದೊಂದು ಕಟ್ಟೆಯಲ್ಲಿಯೂ ಒಂದೊಂದು ಪಾಲು. ಓಣಿಯ ಅಂಗಡಿಯವನಿಗೆ ಇಂಥ ಪೊಟ್ಟಣದ ಸರಕಿನಲ್ಲಿ ಉಳಿಯುವುದು ಬಹುಮಟ್ಟಿಗೆ ನೂರಕ್ಕೆ ಹತ್ತರ ಆಸುಪಾಸು. ದೊಡ್ಡ ಮಳಿಗೆಯಾದರೋ ಲಾರಿಗಟ್ಟಲೆ ಸರಕನ್ನು ಕಂಪನಿಯಿಂದಲೇ ಕೊಳ್ಳುತ್ತದೆ. ನಡುವಿನ ಪಾಲುಗಳು ಅದಕ್ಕೆ ಉಳಿಯುತ್ತವೆ. ಡಿಮಾರ್ಟಿನಂಥ ಸಂಸ್ಥೆ ಸರಕು ಕೊಟ್ಟವರಿಗೆ ಬೇಗ ಹಣ ಸಲ್ಲಿಸಿ, ಅದಕ್ಕಾಗಿ ಇನ್ನಷ್ಟು ರಿಯಾಯಿತಿ ಪಡೆಯುತ್ತದೆ. ಹೆಚ್ಚಾಗಿ ಸ್ವಂತ ಕಟ್ಟಡದಲ್ಲಿಯೇ ವ್ಯಾಪಾರ ಮಾಡುವುದರಿಂದ ಬಾಡಿಗೆಯ ಕಾಟವೂ ಕಡಿಮೆ. ಒಂದೊಂದು ಪೊಟ್ಟಣದಲ್ಲಿ ಕೊಂಚ ಲಾಭ, ಆದರೆ ದಿನಕ್ಕೆ ಸಾವಿರಾರು ಪೊಟ್ಟಣ: ಹನಿ ಹನಿ ಕೂಡಿದರೆ ಹಳ್ಳ. ಇದರಲ್ಲಿ ಮೋಸವೇನೂ ಇಲ್ಲ, ಇದು ಜಾಣತನ. ಅದರ ಒಂದು ಪಾಲು ಗಿರಾಕಿಗೂ ಸಿಕ್ಕುತ್ತದೆ.

ಆದರೆ ಈ ಮಳಿಗೆಗೆ ಇನ್ನೊಂದು ಜಾಣತನವೂ ಉಂಟು. ನಿತ್ಯ ಬೇಕಾಗುವ ಸಕ್ಕರೆ, ಎಣ್ಣೆಗಳ ಬೆಲೆಯನ್ನು ಎದ್ದು ಕಾಣುವಂತೆ ಇಳಿಸಿ ಜನರನ್ನು ಬರಮಾಡಿಕೊಳ್ಳುವುದು. ಅವನ್ನು ಮಳಿಗೆಯ ಹಿಂಬದಿಯಲ್ಲಿ ಇಟ್ಟು, ಅಲ್ಲಿಗೆ ಹೋಗುವ ದಾರಿಯ ಎರಡು ಬದಿಗೂ ಬೇಡದ ವಸ್ತುಗಳನ್ನು ಬೇಕೆನಿಸುವಂತೆ ಜೋಡಿಸುವುದು. ಕಣ್ಣಿನ ಎತ್ತರಕ್ಕೆ ಲಾಭದ ಸರಕು, ಕಾಲ ಬಳಿ ಅಗ್ಗದ ಸರಕು. ಹಣ ಕೊಡುವ ಕಡೆ ಸಾಲು ನಿಂತಾಗ ಮಕ್ಕಳ ಕೈಗೆಟುಕುವಂತೆ ಮಿಠಾಯಿ. ಚೀಟಿಯಲ್ಲಿ ಹನ್ನೆರಡು ಸಾಮಾನು ಬರೆದುಕೊಂಡು ಹೋದವರು ಇಪ್ಪತ್ತು ಸಾಮಾನು ಹೊತ್ತು ತರುವುದು ಹೀಗೆ. ‘ಅಗ್ಗ ಬಂತೆಂದು ಮುಗ್ಗಿದ ಜೋಳ ಕೊಂಡರು’ ಎಂಬುದು ನಮ್ಮ ಹಿರಿಯರ ಗಾದೆ. ಈಗ ಜೋಳ ಮುಗ್ಗಿರುವುದಿಲ್ಲ. ಮನೆಗೆ ಬಂದ ಮೇಲೆ ಕಪಾಟಿನಲ್ಲಿ ಕುಳಿತು ಮುಗ್ಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಸಿರುಗುಪ್ಪದ ಒಂದು ಮನೆಯ ತಿಂಗಳ ಸಾಮಾನು 4,000 ರೂಪಾಯಿ ಎಂದಿಟ್ಟುಕೊಳ್ಳಿ. ಬಳ್ಳಾರಿಯ ದೊಡ್ಡ ಮಳಿಗೆಯಲ್ಲಿ ನೂರಕ್ಕೆ 8 ಉಳಿಯಿತು ಎಂದರೆ ಉಳಿತಾಯ 320 ರೂಪಾಯಿ. ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಮೀರಿದ ದಾರಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಜೊತೆಗೆ ಬಂದ ಗಂಡಸಿಗೆ ಉಂಟು. ಬಸ್ಸು, ಆಟೋ, ತಿಂಡಿ ಎಂದು 220 ರೂಪಾಯಿ ಆದರೂ ಇನ್ನು ಉಳಿದದ್ದು 100. ಚೀಟಿಯಲ್ಲಿ ಇಲ್ಲದ ಒಂದೇ ಒಂದು ಪ್ಲಾಸ್ಟಿಕ್ ಡಬ್ಬಿ ಆ ನೂರನ್ನು ನುಂಗಿತು. ಒಂದು ದಿನದ ಕೆಲಸ ಕೆಟ್ಟದ್ದು ಬೇರೆ. ಆದರೆ ಬಳ್ಳಾರಿಯಲ್ಲಿಯೇ ಇರುವ, ಹತ್ತು ಜನರ ತುಂಬಿದ ಮನೆಯವರು, ಚೀಟಿ ಬಿಟ್ಟು ಕದಲದವರು, ಅದೇ ಮಳಿಗೆಗೆ ನಡೆದು ಹೋದರೆ 320ಕ್ಕೆ 320ನ್ನೂ ಉಳಿಸಬಹುದು. ಆದುದರಿಂದ ಒಬ್ಬರಿಗೆ ಲಾಭವಾದುದು ಇನ್ನೊಬ್ಬರಿಗೂ ಲಾಭವೇ ಎಂದು ಹೇಳುವಂತಿಲ್ಲ. ದೂರ, ಸಂಸಾರದ ಗಾತ್ರ, ಮನಸ್ಸಿನ ಹತೋಟಿ, ಈ ಮೂರನ್ನೂ ಕೂಡಿಸಿ ಕಳೆಯಬೇಕು.

ಇಲ್ಲಿಯವರೆಗೆ ನಮ್ಮ ನಮ್ಮ ಜೇಬಿನ ಮಾತಾಯಿತು. ಇನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಒಳಕ್ಕೆ ಇಣುಕಿ ನೋಡೋಣ. ಇದಕ್ಕೆ ನಗರಕ್ಕಿಂತ ಹಳ್ಳಿಯೇ ಒಳ್ಳೆಯ ಪಾಠಶಾಲೆ.

ಸಿರುಗುಪ್ಪದ ನೆರೆಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಕೆಂಚನಗುಡ್ಡ ಎಂಬ ಊರಿದೆ. ಇದು ಹೊಳೆಯನ್ನೂ ಕಾಲುವೆಯನ್ನೂ ನಂಬಿದ ಭತ್ತದ ಸೀಮೆ. ಇಲ್ಲಿನ ಸೋನಾ ಮಸೂರಿ ಅಕ್ಕಿ ದೂರದೂರಿಗೆ ಹೋಗುತ್ತದೆ. ಇಂಥ ಊರಿನ ಕಿರಾಣಿ ಅಂಗಡಿಯೆಂದರೆ ಮನೆಯ ಮುಂದಿನ ಒಂದು ಅಂಕಣ. ಮೇಲೆ ತೂಗುಬಿಟ್ಟ ಪೊಟ್ಟಣಗಳ ಮಾಲೆ, ಕೆಳಗೆ ಸಕ್ಕರೆ, ಬೆಲ್ಲ, ಬೇಳೆಗಳ ಚೀಲ, ಒಂದು ತಕ್ಕಡಿ, ಒಂದು ಉದ್ದನೆಯ ಪುಸ್ತಕ. ಸಂಜೆ ಒಂದು ಮಗು ಓಡಿಬಂದು, “ಸಾವ್ಕಾರ್ರೇ, ಅರ್ಧ ಕೇಜಿ ಸಕ್ರಿ ಕೊಡ್ರಿ, ಪುಸ್ತಕದಾಗ ಬರ್ಕೊಳ್ರಿ ಅಂದಾಳ ಅವ್ವ” ಎನ್ನುತ್ತದೆ. ಸಾವುಕಾರರು ಮಗುವಿನ ಹೆಸರನ್ನು ಕೇಳುವುದಿಲ್ಲ. ಯಾರ ಮನೆಯದೆಂದು ಅವರಿಗೆ ಗೊತ್ತು. ಆ ಮನೆಯಲ್ಲಿ ಎಷ್ಟು ಎಕರೆ ಗದ್ದೆ, ಅದು ಸ್ವಂತದ್ದೊ ಗುತ್ತಿಗೆಯದೊ, ಈ ಸಲ ನಾಟಿ ಯಾವಾಗ ಆಯಿತು, ಎಲ್ಲವೂ ಗೊತ್ತು. ಬ್ಯಾಂಕಿನವರು ಹತ್ತು ಕಾಗದ ಕೇಳಿ ತಿಳಿಯುವುದನ್ನು ಅವರು ಕೇಳದೆಯೆ ತಿಳಿದಿದ್ದಾರೆ. ಸಾಲದ ವಿದ್ಯೆಯೆಲ್ಲ ಈ ತಿಳಿವಿನಲ್ಲಿಯೇ ಇದೆ.

‘ಉದ್ರಿ’ ಎಂಬ ಮಾತನ್ನು ಗಮನಿಸಿ. ಸಂಸ್ಕೃತದ ‘ಉದ್ಧಾರ’ ಶಬ್ದಕ್ಕೆ ಮೇಲೆತ್ತುವುದು ಎಂಬ ಅರ್ಥವಿರುವಂತೆ ಸಾಲ ಎಂಬ ಅರ್ಥವೂ ಉಂಟು. ಹಿಂದಿ ಮರಾಠಿಗಳ ‘ಉಧಾರ್’ ಅದರ ರೂಪ. ನಮ್ಮ ಉದ್ರಿ ಅದೇ ಬಳಗದ್ದು. ಎಷ್ಟೋ ಅಂಗಡಿಗಳ ಗೋಡೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ಇರುತ್ತದೆ. ಹಲಗೆಯ ಕೆಳಗೆಯೇ ಉದ್ರಿಯ ಪುಸ್ತಕವೂ ಇರುತ್ತದೆ! ಏಕೆಂದರೆ ಭತ್ತದ ಸೀಮೆಯಲ್ಲಿ ಹಣ ತಿಂಗಳಿಗೊಮ್ಮೆ ಬರುವುದಿಲ್ಲ, ಕೊಯ್ಲಿಗೊಮ್ಮೆ ಬರುತ್ತದೆ. ಹೊಟ್ಟೆಯಾದರೋ ದಿನಕ್ಕೆ ಎರಡು ಸಲ ಕೇಳುತ್ತದೆ. ಈ ಎರಡರ ನಡುವಿನ ಕಂದಕಕ್ಕೆ ಹಾಕಿದ ಸೇತುವೆಯೇ ಉದ್ರಿ.

ಸೇತುವೆಯ ಬೆಲೆ ತಿಳಿಯುವುದು ಹೊಳೆ ಬಂದಾಗ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದುದು ನಿಮಗೆ ನೆನಪಿರಬಹುದು. ತುಂಬಿದ ಜಲಾಶಯದ ನೀರು ಹರಿದು ಹೋಗುತ್ತಿರುವಾಗ ಕೆಳಗಿನ ಊರುಗಳವರ ಎದೆಯಲ್ಲಿ ಇದ್ದುದು ಒಂದೇ ಪ್ರಶ್ನೆ: ಈ ಬೆಳೆಗೆ ನೀರು ಉಳಿಯುವುದೇ? ಒಂದು ವಾರದಲ್ಲಿ ತಡೆಹಲಗೆಗಳನ್ನು ಇಳಿಸಿ ನೀರನ್ನು ನಿಲ್ಲಿಸಿದರು. ಮುಂದೆ ಮಳೆಯೂ ಕೈಹಿಡಿಯಿತು. ಆದರೆ ಆ ವಾರದಲ್ಲಿ ಮುಂದಿನ ಕೊಯ್ಲನ್ನು ನಂಬಿ ಅಕ್ಕಿ ಬೇಳೆ ಕೊಡಬಲ್ಲ ಅಂಗಡಿ ಯಾವುದು? ಯಂತ್ರಕ್ಕೆ ಕಪ್ಪುಗೆರೆಯನ್ನು ಓದಲು ಬರುತ್ತದೆ, ಗಿರಾಕಿಯ ಮುಖವನ್ನು ಓದಲು ಬರುವುದಿಲ್ಲ. ದೊಡ್ಡ ಮಳಿಗೆಯ ಬಾಗಿಲಲ್ಲಿ ಹಣ ತೀರಿಸದೆ ಚೀಲ ಹೊರಕ್ಕೆ ಬಾರದು.

ಈಗ ಮುಖ್ಯವಾದ ಮಾತಿಗೆ ಬರೋಣ. ಈ ಉದ್ರಿಯ ಹಣ ಎಲ್ಲಿಂದ ಬರುತ್ತದೆ? ಸಾವುಕಾರರ ಮನೆಯಲ್ಲಿ ಹಣದ ಗಿಡ ಬೆಳೆದಿಲ್ಲ. ನಗದು ಕೊಟ್ಟು ಕೊಳ್ಳುವ ಮಾಸ್ತರರು, ಗುಮಾಸ್ತರು, ಅಕ್ಕಿ ಗಿರಣಿಯ ನೌಕರರು, ಇವರ ಹಣದಿಂದಲೇ ಅಂಗಡಿಯವನು ಸರಕು ತಂದು, ಅದರಲ್ಲಿ ಒಂದು ಪಾಲನ್ನು ಉದ್ರಿಯವರಿಗೆ ಕೊಡುತ್ತಾನೆ. ನಗದಿನ ಗಿರಾಕಿ ತನಗೆ ತಿಳಿಯದೆಯೆ ಉದ್ರಿಯ ಗಿರಾಕಿಯ ಒಲೆಯನ್ನು ಉರಿಸುತ್ತಿರುತ್ತಾನೆ.

ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆದು ತೋರಿಸುವಂತೆ ಇದನ್ನೂ ಬರೆದು ನೋಡೋಣ. ಒಂದು ಹಳ್ಳಿಯ ಅಂಗಡಿಯಲ್ಲಿ ತಿಂಗಳಿಗೆ 60,000 ರೂಪಾಯಿಯ ವ್ಯಾಪಾರ ಎಂದಿಟ್ಟುಕೊಳ್ಳಿ. 40,000 ನಗದು, 20,000 ಉದ್ರಿ. ನೂರಕ್ಕೆ ಹತ್ತು ಲಾಭವೆಂದರೆ ಲಾಭ 6,000, ಸರಕಿನ ಅಸಲು 54,000. ಮುಂದಿನ ತಿಂಗಳು ಮತ್ತೆ ಅಷ್ಟೇ ಸರಕು ತರಬೇಕು. ಗಲ್ಲಾದಲ್ಲಿ ಇರುವುದು 40,000. ಕೊರತೆ 14,000. ಹಳೆಯ ಬಾಕಿ ವಸೂಲು ಮಾಡಿಯೋ, ಕೈಗಂಟಿನಿಂದಲೋ ಅದನ್ನು ತುಂಬಿಸಿಕೊಳ್ಳುತ್ತಾನೆ. ಈಗ ನಗದಿನ ಗಿರಾಕಿಗಳಲ್ಲಿ ಅರ್ಧ ಜನ ತಿಂಗಳ ಸಾಮಾನಿಗೆ ಬಳ್ಳಾರಿಗೆ ಹೋಗಲಾರಂಭಿಸಿದರು. ನಗದು 20,000ಕ್ಕೆ ಇಳಿಯಿತು. ಉದ್ರಿಯವರು ಎಲ್ಲಿಗೂ ಹೋಗಲಾರರು. ಅವರದು 20,000 ಹಾಗೆಯೇ ಉಳಿಯಿತು. ಒಟ್ಟು ವ್ಯಾಪಾರ 40,000, ಲಾಭ 4,000, ಅಸಲು 36,000, ಗಲ್ಲಾದಲ್ಲಿ 20,000, ಕೊರತೆ 16,000. ವ್ಯಾಪಾರ ಇಳಿದಂತೆ ಕೊರತೆಯೂ ಇಳಿಯಬೇಕಲ್ಲವೆ? ಅದು 2,000 ಏರಿತು. ಲಾಭ 2,000 ಇಳಿಯಿತು. ಬಾಡಿಗೆ, ಕರೆಂಟು ಬಿಲ್ಲು ಮೊದಲಿನಷ್ಟೇ ಉಳಿದುವು.

ಆಗ ಅಂಗಡಿಯವನ ಮುಂದೆ ಇರುವ ದಾರಿಗಳು ಮೂರೇ. ಬೆಲೆ ಏರಿಸಬೇಕು, ಇಲ್ಲವೆ ಬಡ್ಡಿಗೆ ಸಾಲ ತರಬೇಕು, ಇಲ್ಲವೆ ಪುಸ್ತಕ ಮುಚ್ಚಿ ‘ಉದ್ರಿ ಇಲ್ಲ’ ಎನ್ನಬೇಕು. ಮೂರರಲ್ಲಿ ಯಾವುದನ್ನು ಹಿಡಿದರೂ ಪೆಟ್ಟು ಬೀಳುವುದು ಬಳ್ಳಾರಿಗೆ ಹೋದವರಿಗಲ್ಲ, ಹೋಗಲಾರದೆ ಉಳಿದವರಿಗೆ. ಕೂಲಿಯ ಹೆಣ್ಣುಮಗಳು, ಗುತ್ತಿಗೆ ರೈತ, ಮುದುಕಿಯೊಬ್ಬಳೇ ಇರುವ ಮನೆ, ಇವರಿಗೆ. ಅಂಗಡಿ ಮುಚ್ಚಿಯೇ ಹೋದರೆ ನಗದು ಇದ್ದವರಿಗೆ ಸ್ವಲ್ಪ ಅನನುಕೂಲ. ನಗದು ಇಲ್ಲದವರಿಗೆ ಅಡುಗೆಮನೆಯೇ ಅರ್ಧ ಮುಚ್ಚಿದಂತೆ. ದೊಡ್ಡ ಮಳಿಗೆ, ಚಿಕ್ಕ ಅಂಗಡಿಗಳ ಚರ್ಚೆಯಲ್ಲಿ ನಾವು ಬೆಲೆಯನ್ನು ಎಣಿಸುತ್ತೇವೆ, ಸಾಲವನ್ನು ಎಣಿಸುವುದಿಲ್ಲ. ಚರ್ಚೆಯ ತಿರುಳು ಇರುವುದು ಆ ಎಣಿಸದೆ ಬಿಟ್ಟ ಅಂಕಣದಲ್ಲಿ.

ಇದು ನಮ್ಮ ಸೀಮೆಗೆ ಮಾತ್ರ ಬಂದ ಪ್ರಶ್ನೆಯಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯಗಳಲ್ಲೊಂದರ ಅರ್ಥಶಾಸ್ತ್ರಜ್ಞ ಕೆನೆತ್ ಸ್ಟೋನ್ ಅವರು 1980ರ ದಶಕದ ಕೊನೆಯಿಂದ ಆ ಸಂಸ್ಥಾನದ ಚಿಕ್ಕ ಊರುಗಳ ವ್ಯಾಪಾರವನ್ನು ಪರೀಕ್ಷಿಸಿದರು. ವಾಲ್‌ಮಾರ್ಟ್ ಬಂದ ಊರಿನಲ್ಲಿ ಅದೇ ಸರಕು ಮಾರುವ ಅಂಗಡಿಗಳಿಗೆ ನಷ್ಟವಾದರೂ ಅದು ಮಾರದ ವಸ್ತುಗಳ ಅಂಗಡಿಗಳಿಗೆ ಬಂದು ಹೋಗುವ ಜನರಿಂದ ಲಾಭವೂ ಆಯಿತು. ಹೆಚ್ಚು ಸೊರಗಿದುವು ಮಳಿಗೆ ಬಾರದ ಸುತ್ತಲಿನ ಸಣ್ಣ ಊರುಗಳು. ಅಲ್ಲಿನ ಹಣವೆಲ್ಲ ದೊಡ್ಡ ಊರಿನ ಕಡೆಗೆ ಹರಿಯಿತು. ಬಳ್ಳಾರಿಗೆ ಮಳಿಗೆ ಬಂದರೆ ಯೋಚನೆ ಮಾಡಬೇಕಾದವರು ಸಿರುಗುಪ್ಪದವರು, ಕುರುಗೋಡಿನವರು, ಕೆಂಚನಗುಡ್ಡದವರು ಎಂದು ನಾವು ಇದನ್ನು ಓದಿಕೊಳ್ಳಬಹುದು. 1973ರಲ್ಲಿ ಫ್ರಾನ್ಸ್ ದೇಶವೂ ಜಪಾನ್ ದೇಶವೂ ದೊಡ್ಡ ಮಳಿಗೆ ತೆರೆಯುವುದಕ್ಕೆ ಮಿತಿ ಹಾಕುವ ಕಾಯಿದೆಗಳನ್ನು ಮಾಡಿದುವು. ಜಪಾನಿನ ಕಾಯಿದೆ 2000ದಲ್ಲಿ ರದ್ದಾಯಿತು. ಕಾಯಿದೆಯ ಬೇಲಿ ಕೆಲವು ಕಾಲ ಕಾಯಬಹುದು. ಕೊಳ್ಳುವವರ ಮನಸ್ಸು ಅತ್ತ ಹರಿದ ಮೇಲೆ ಬೇಲಿಯೊಂದೇ ಸಾಲದು.

ಓಣಿಯ ಅಂಗಡಿಗೆ ದೋಷವೇ ಇಲ್ಲವೆಂದು ಹೇಳಿದರೆ ನೀವು ನಗುವಿರಿ. ತೂಕದಲ್ಲಿ ಕೊಸರು, ಉದ್ರಿಯ ನೆವದಲ್ಲಿ ಬೆಲೆಯ ಏರಿಕೆ, ಅವಧಿ ತೀರಿದ ಬಿಸ್ಕತ್ತು, ರಸೀದಿ ಕೇಳಿದರೆ ಮುನಿಸು, ಇವೆಲ್ಲ ಇರುವುವೇ. ಸೇರು, ಪಾವು, ಬಳ್ಳಗಳ ಗೊಂದಲ ತಪ್ಪಲೆಂದು 1956ರ ಕಾಯಿದೆಯ ಪ್ರಕಾರ 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಬಂದುವು. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಗಿಂತ ಒಂದು ಪೈಸೆ ಹೆಚ್ಚು ತೆಗೆದುಕೊಳ್ಳುವ ಹಕ್ಕು ಯಾವ ಅಂಗಡಿಗೂ ಇಲ್ಲ. ಉದ್ರಿ ಕೊಟ್ಟೆನೆಂದರೂ ಇಲ್ಲ. ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ದೂರಿದ್ದರೆ 1915 ಎಂಬ ಗ್ರಾಹಕ ಸಹಾಯವಾಣಿಗೆ ಹೇಳಬಹುದು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಕಾಯಿದೆ ದೊಡ್ಡವರಿಗೂ ಚಿಕ್ಕವರಿಗೂ ಸಮಾನ. ಓಣಿಯ ಅಂಗಡಿ ಉಳಿಯಬೇಕೆಂದು ಬಯಸುವವರು ಅದರ ಕಳ್ಳತೂಕವನ್ನು ಸಹಿಸಬೇಕಾಗಿಲ್ಲ. ತೂಕದಲ್ಲಿ ನೆಟ್ಟಗಿರುವ ಅಂಗಡಿಗೇ ಗಿರಾಕಿಯ ನಂಬಿಕೆ ನಿಲ್ಲುವುದು.

ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಅದು ಸಹಕಾರದ ದಾರಿ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬಲ್ಲಿ ಇಪ್ಪತ್ತೆಂಟು ಮಂದಿ, ನೇಕಾರರೂ ಇತರ ಕಸುಬಿನವರೂ, ಹಣ ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆಗಳ ಒಂದು ಅಂಗಡಿಯನ್ನು ತೆರೆದರು. ನೆಟ್ಟನೆಯ ತೂಕ, ಕಲಬೆರಕೆಯಿಲ್ಲದ ಸರಕು, ಲಾಭದಲ್ಲಿ ಕೊಂಡವರಿಗೇ ಪಾಲು, ಇವು ಅವರ ನೇಮಗಳು. ಆದರೆ ‘ಉದ್ರಿ ಇಲ್ಲ’ ಎಂಬುದೂ ಅವರ ನೇಮವಾಗಿತ್ತು! ವಾರವಾರ ಕೂಲಿ ಬರುವವರಿಗೆ ಅದು ನಡೆಯಿತು. ಕೊಯ್ಲಿಗೊಮ್ಮೆ ಹಣ ಕಾಣುವ ನಮ್ಮ ರೈತನಿಗೆ ಸರಕಿಗಿಂತ ಮೊದಲು ಬೇಕಾದದ್ದು ಸಾಲ. ಇದನ್ನು ಕಂಡುಕೊಂಡವರು ಗದಗಿನ ಬಳಿಯ ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. 1905ರಲ್ಲಿ ಅವರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶಕ್ಕೇ ದಾರಿ ತೋರಿಸಿತು. ಇಂದು ಊರೂರಿನಲ್ಲಿ ಸಹಕಾರ ಸಂಘಗಳಿವೆ, ಮಹಿಳೆಯರ ಸ್ವಸಹಾಯ ಗುಂಪುಗಳಿವೆ. ನಾಲ್ಕಾರು ಅಂಗಡಿಯವರು ಕೂಡಿ ಒಟ್ಟಾಗಿ ಸಗಟು ಸರಕು ತಂದರೆ, ದೊಡ್ಡ ಮಳಿಗೆಯ ಗುಟ್ಟಿನಲ್ಲಿ ಒಂದು ಪಾಲಾದರೂ ಅವರ ಕೈಗೆ ಬಂದೀತು. ಅವರಿಗೆ ಹಿಂದೆ ಇಲ್ಲದ ಒಂದು ಅನುಕೂಲವೂ ಈಗ ಬಂದಿದೆ: ಮೊಬೈಲಿನಲ್ಲಿ ಹಣ ಸಲ್ಲಿಸುವ ಯುಪಿಐ 2016ರಿಂದ ಹಳ್ಳಿಯ ಅಂಗಡಿಯ ಬಾಗಿಲಿಗೂ ಬಂದು, ಚಿಲ್ಲರೆ ಇಲ್ಲವೆಂಬ ನೆವವನ್ನು ತಪ್ಪಿಸಿದೆ.

ವಾಚಕರೆ, ಕೊನೆಯದಾಗಿ, ಮನೆಯಲ್ಲಿ ನಡೆಸಬಹುದಾದ ಕೆಲವು ಮಾತುಗಳು. ದೊಡ್ಡ ಮಳಿಗೆಗೆ ಹೋಗುವಾಗ ಚೀಟಿಯನ್ನೂ, ಚೀಟಿಗೆ ಸಾಕಾಗುವಷ್ಟೇ ಹಣವನ್ನೂ ಒಯ್ಯಿರಿ, ಹಸಿದುಕೊಂಡು ಹೋಗಬೇಡಿ. ದೊಡ್ಡ ಪೊಟ್ಟಣವೇ ಅಗ್ಗವೆಂದು ನಂಬಬೇಡಿ. ಒಂದು ಗ್ರಾಮಿಗೆ ಇಷ್ಟು, ಒಂದು ಕಿಲೋಗೆ ಇಷ್ಟು ಎಂಬ ದರವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮ ಈಚೆಗೆ ಬಂದಿದೆ, ಅದನ್ನು ಓದಿ ಹೋಲಿಸಿರಿ. ‘ಎರಡಕ್ಕೆ ಒಂದು ಉಚಿತ’ ಎಂದು ಕಂಡಾಗ, ಮೂರನ್ನೂ ಕೆಡುವುದಕ್ಕೆ ಮುಂಚೆ ಮುಗಿಸಬಲ್ಲೆವೆ ಎಂದು ಕೇಳಿಕೊಳ್ಳಿರಿ. ಮೂರು ತಿಂಗಳ ಕಾಲ ಮನೆಯ ಸಾಮಾನಿನ ಲೆಕ್ಕವನ್ನು, ಬಸ್ಸು ತಿಂಡಿಗಳ ಖರ್ಚು ಸಹಿತ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವುದು ಲಾಭವೆಂದು ಯಾರ ಉಪದೇಶವೂ ಬೇಕಾಗದು.

ಓಣಿಯ ಅಂಗಡಿಯ ವಿಷಯದಲ್ಲಿ ಒಂದೇ ಮಾತು. ಆಪತ್ತಿಗೆ ಆ ಅಂಗಡಿ ಬೇಕೆಂದಿದ್ದರೆ ಸಂಪತ್ತಿನಲ್ಲಿಯೂ ಅದರ ನೆನಪಿರಲಿ. ನಗದಿದ್ದಾಗ ಬಳ್ಳಾರಿಗೆ, ನಗದು ಮುಗಿದಾಗ ಓಣಿಗೆ ಎಂಬ ಪದ್ಧತಿ ಹೆಚ್ಚು ದಿನ ನಡೆಯದು. ಎಲ್ಲವನ್ನೂ ಅಲ್ಲಿಯೇ ಕೊಳ್ಳಬೇಕೆಂದಲ್ಲ. ಬೇಳೆ, ಬೆಲ್ಲ, ಎಣ್ಣೆ, ತರಕಾರಿಗಳಂಥ ನಾಲ್ಕಾರು ಸಾಮಾನನ್ನಾದರೂ ನಗದು ಕೊಟ್ಟು ಅಲ್ಲಿ ಕೊಂಡರೆ ಅಂಗಡಿಯ ಚಕ್ರ ತಿರುಗುತ್ತದೆ. ಇನ್ನು ಉದ್ರಿ ಕೊಂಡವರು ಭತ್ತ ಮಾರಿದ ಹಣ ಕೈಗೆ ಬಂದೊಡನೆ ಮೊದಲು ತೀರಿಸಬೇಕಾದದ್ದು ಆ ಪುಸ್ತಕದ ಬಾಕಿಯನ್ನು. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯನ್ನು ನಿಜಮಾಡಿದ ಊರಿನಲ್ಲಿ ಮುಂದೆ ಕೊಡುವವರೇ ಇಲ್ಲವಾಗುತ್ತಾರೆ. ಒಬ್ಬನು ತೀರಿಸದೆ ಉಳಿಸಿಕೊಂಡ ಬಾಕಿ ಸಾವುಕಾರನ ನಷ್ಟವೆಂದು ಕಾಣುತ್ತದೆ; ಅದು ನಿಜವಾಗಿ ಪಕ್ಕದ ಮನೆಯವಳಿಗೆ ನಾಳೆ ಸಿಕ್ಕಬೇಕಾಗಿದ್ದ ಅರ್ಧ ಕಿಲೋ ಸಕ್ಕರೆ.